ಎಡಕ್ಕೆ ಮೂರು, ಬಲಕ್ಕೆ ಮೂರು

ಶುಕ್ರವಾರ ಬೆಳಿಗ್ಗೆ ಅವಳು ಎಲೆ ಎತ್ತಲಿಲ್ಲ. ನಲವತ್ತು ದಿನಗಳಿಂದ ತಪ್ಪದೆ ನಡೆದುಕೊಂಡು ಬಂದಿದ್ದ ಕೆಲಸ ಅದು. ಹಲ್ಲುಜ್ಜಿ, ಒಲೆಯ ಮೇಲೆ ಹಾಲಿಟ್ಟು, ಅದು ಉಕ್ಕಿ ಬರುವಷ್ಟರಲ್ಲಿ ಭವಿಷ್ಯ ನೋಡುವ ಟ್ಯಾರೋ ಕಾರ್ಡುಗಳ ಕಟ್ಟನ್ನು ಏಳು ಸಲ ಕಲಸಿ, ಒಂದು ಎಲೆ ಎತ್ತಿ, ಅರ್ಥ ಹೇಳುವ ಪುಸ್ತಕ ತೆರೆಯುವ ಮೊದಲೇ ಮನಸ್ಸಿಗೆ ಹೊಳೆದದ್ದನ್ನು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯುವುದು. ಸಂಜೆ ಬಂದು ಅದರ ಎದುರಿಗೆ ಸರಿಯೋ ತಪ್ಪೋ ಗುರುತು ಹಾಕುವುದು. ಕಟ್ಟಿನ ಜೊತೆ ಬಂದಿದ್ದ ಸಣ್ಣ ಕೈಪಿಡಿ ಹೊಸಬರಿಗೆ ಹೇಳಿದ್ದು ಇಷ್ಟೇ: ದಿನಕ್ಕೊಂದು ಎಲೆ, ಹೆದರಬೇಡಿ, ಮೊದಲು ಅನಿಸಿದ್ದನ್ನು ನಂಬಿ. ಮೊದಲ ವಾರ ಅವಳು ಬರೆದ ಸಾಲುಗಳೆಲ್ಲ ಕಚೇರಿಯ ಸುತ್ತೋಲೆಯ ಹಾಗಿದ್ದವು. ಇಂದು ಬದಲಾವಣೆ ಕಂಡುಬರಬಹುದು. ಇಂದು ತಾಳ್ಮೆ ಅಗತ್ಯ. ಯಾವ ದಿನಕ್ಕೆ ಅಂಟಿಸಿದರೂ ಅಂಟುವಂಥವು. ಮೂರನೆಯ ವಾರ ಸ್ವಲ್ಪ ಧೈರ್ಯ ಬಂದು 'ಇವತ್ತು ಎಕ್ಸರೇ ಮಷೀನು ಕೈಕೊಡುತ್ತದೆ' ಎಂದು ಬರೆದಳು, ಕೈಕೊಟ್ಟಿತು. ವಾರಕ್ಕೆ ಎರಡು ಸಲ ಕೈಕೊಡುವ ಮಷೀನೇ ಅದು ಎಂಬುದು ಬೇರೆ ಮಾತು. ಆದರೂ ಅವತ್ತು ಸಂಜೆ ಬಸ್ಸಿನಲ್ಲಿ ನಿಂತು ಬರುವಾಗ, ತನ್ನೊಳಗೆ ಯಾರೋ ಒಬ್ಬರು ಕೂತಿದ್ದಾರೆ, ಇಷ್ಟು ವರ್ಷ ಅವರನ್ನು ಮಾತಾಡಿಸದೇ ಬಿಟ್ಟಿದ್ದೆ ಎನಿಸಿ ಖುಷಿಯಾಗಿತ್ತು. ಇವತ್ತು ಆ ಯಾರೋ ಒಬ್ಬರ ಮುಖ ನೋಡಲು ಅವಳಿಗೆ ಧೈರ್ಯವಿರಲಿಲ್ಲ. ಹಾಲು ಉಕ್ಕಿ ಒಲೆಯೆಲ್ಲ ಆಯಿತು. ಒರೆಸಿ, ಉಳಿದದ್ದಕ್ಕೆ ಟೀಪುಡಿ ಹಾಕಿ ಕುಡಿದು, ಬಾಗಿಲಿಗೆ ಬೀಗ ಹಾಕಿ ಹೊರಟಳು.

ಇಪ್ಪತ್ತೆರಡು ವರ್ಷಗಳಿಂದ ಅವಳು ಆಸ್ಪತ್ರೆಯ ಎರಡನೆಯ ಮಹಡಿಯ ಎಕ್ಸರೇ ಕೋಣೆಯಲ್ಲಿದ್ದಾಳೆ. 'ಉಸಿರು ಎಳ್ಕೊಳ್ಳಿ, ಹಾಗೇ ಹಿಡ್ಕೊಳ್ಳಿ, ಬಿಡಿ' ಎಂದು ಹೇಳಿ ಹೇಳಿ ಅವಳಿಗೆ ಉಸಿರಕ್ಕ ಎಂಬ ಹೆಸರು ಬಿದ್ದಿದೆ. ದೊಡ್ಡ ಡಾಕ್ಟರು ಕೂಡ ಒಮ್ಮೊಮ್ಮೆ ಮರೆತು ಹಾಗೆಯೇ ಕರೆದು ನಾಲಗೆ ಕಚ್ಚಿಕೊಳ್ಳುತ್ತಾರೆ. ಆ ಕೋಣೆಗೊಂದು ನಿಯಮವಿದೆ. ಚಿತ್ರ ಮೊದಲು ಕಾಣುವುದು ಅವಳಿಗೆ. ಅದರಲ್ಲಿ ಏನಿದೆ ಎಂದು ಹೇಳುವ ಹಕ್ಕು ಅವಳದಲ್ಲ. 'ಡಾಕ್ಟರ್ ಹೇಳ್ತಾರೆ' ಎಂದಷ್ಟೇ ಹೇಳಬೇಕು. ಜನ ಬಿಡುತ್ತಾರೆಯೇ? ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಅವಳ ಮುಖ ಓದಲು ನೋಡುತ್ತಾರೆ. ಹುಬ್ಬು ಏರಿತೇ, ತುಟಿ ಬಿಗಿಯಾಯಿತೇ, ಇನ್ನೊಂದು ಚಿತ್ರ ತೆಗೆಯಬೇಕು ಎನ್ನುವಾಗ ದನಿ ಸಣ್ಣದಾಯಿತೇ. ಬಾಯಿಗೆ ಬೀಗ ಹಾಕಿಕೊಳ್ಳುವುದು ಸುಲಭ. ಮುಖಕ್ಕೆ ಹಾಕಿಕೊಳ್ಳುವುದನ್ನು ಕಲಿಯಲು ಅವಳಿಗೆ ಮೂರು ವರ್ಷ ಹಿಡಿದಿತ್ತು. ಕಲಿತ ಮೇಲೆ ಅದು ಎಷ್ಟು ಚೆನ್ನಾಗಿ ಕೂತಿತೆಂದರೆ, ಒಂದು ಬುಧವಾರ ಅಣ್ಣ ಕೆಮ್ಮು ಎಂದು ಬಂದು ಅವಳ ಮಷೀನಿನ ಮುಂದೆ ಎದೆ ಕೊಟ್ಟು ನಿಂತು, ಪರದೆಯ ಮೇಲೆ ನಿಂಬೆಹಣ್ಣಿನಷ್ಟು ಬಿಳಿ ಕಂಡಾಗಲೂ ಅದು ಅಲ್ಲಾಡಲಿಲ್ಲ. 'ಹೆಂಗಿದೆಯೇ?' ಎಂದ ಅಣ್ಣ. 'ಡಾಕ್ಟರ್ ಹೇಳ್ತಾರೆ, ನೀನು ಹೋಗಿ ಊಟ ಮಾಡು' ಎಂದು ನಕ್ಕಳು. ಏಳು ತಿಂಗಳಾದ ಮೇಲೆ, ಹಾಸಿಗೆ ಹಿಡಿದಿದ್ದಾಗ, 'ಅವತ್ತು ನಿನ್ನ ಮುಖ ನೋಡಿ ಏನೂ ಇಲ್ಲ ಅಂದ್ಕೊಂಡೆ ಕಣೇ, ಹೊಟ್ಟೆ ತುಂಬ ಉಂಡೆ' ಎಂದು ಮೆಚ್ಚಿ ಹೇಳಿದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಟ್ಯಾರೋ ಕಟ್ಟು ಆ ಅಣ್ಣನ ಮಗಳದು. ಹಾಸ್ಟೆಲ್ಲಿಗೆ ಹೋಗುವ ಮೊದಲು ಎರಡು ವಾರ ಇವಳ ಮನೆಯಲ್ಲಿದ್ದವಳು ಅದನ್ನು ಕಪಾಟಿನಲ್ಲಿ ಬಿಟ್ಟು ಹೋಗಿದ್ದಳು. ಫೋನು ಮಾಡಿ ಹೇಳಿದರೆ, 'ನಂಗೆ ಬೋರಾಯ್ತು ಅತ್ತೆ, ನೀವೇ ಇಟ್ಕೊಳ್ಳಿ. ಒಬ್ಬರೇ ಇರ್ತೀರಲ್ಲ, ಕಣಿ ಹೇಳ್ಕೊಂಡಿರಿ' ಎಂದು ನಕ್ಕಳು. ಒಬ್ಬರೇ ಇರ್ತೀರಲ್ಲ ಎಂಬುದನ್ನು ಹುಡುಗಿ ತೀರ ಹಗುರವಾಗಿ ಅಂದಿದ್ದಳು. ಫೋನಿಟ್ಟು ಅವಳು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಕಟ್ಟು ಬಿಚ್ಚಿದಳು. ಎಪ್ಪತ್ತೆಂಟು ಚಿತ್ರಗಳು. ಬೆಟ್ಟದ ಮೇಲೆ ಲಾಟೀನು ಹಿಡಿದು ನಿಂತ ಮುದುಕ, ಚೆಲ್ಲಿದ ಬಟ್ಟಲುಗಳ ಮುಂದೆ ತಲೆ ತಗ್ಗಿಸಿದವನು, ಬಿಳಿ ಕುದುರೆಯ ಮೇಲಿನ ಮಗು. ಇವನ್ನು ನೋಡಿ ಏನು ಬೇಕಾದರೂ ಹೇಳಬಹುದು, ಹೇಳಲೇಬೇಕು, ಹೇಳದಿದ್ದರೆ ಆಟವೇ ಇಲ್ಲ. ಚಿತ್ರ ನೋಡಿ ಬಾಯಿ ಬಿಡುವ ಸ್ವಾತಂತ್ರ್ಯ ಈ ವಯಸ್ಸಿನಲ್ಲಿ ತನಗೆ ಸಿಕ್ಕಿತಲ್ಲ ಎಂದು ಅವಳಿಗೆ ಹುಡುಗುತನದ ಸಂಭ್ರಮವಾಯಿತು. ಆದರೆ ಹೇಳಲು ಎದುರಿಗೆ ಒಬ್ಬರು ಬೇಕಲ್ಲ.

ಇದ್ದದ್ದು ಚೀಟಿಯವಳು ಒಬ್ಬಳೇ. ಆಸ್ಪತ್ರೆಯ ನೆಲಮಹಡಿಯಲ್ಲಿ ಗಾಜಿನ ಹಿಂದೆ ಕೂತು, ಬಂದವರ ಹೆಸರು ವಯಸ್ಸು ಬರೆದು ಚೀಟಿ ಕೊಡುವವಳು. ಇವಳಿಗಿಂತ ಎಂಟು ವರ್ಷ ಚಿಕ್ಕವಳು, ಗಂಡನಿಂದ ಬೇರೆಯಾಗಿ ಒಂಬತ್ತು ವರ್ಷವಾದವಳು, ಮಾತಿನ ಮಲ್ಲಿ. ಮಧ್ಯಾಹ್ನ ಒಂದೂವರೆಗೆ ಹಳೆಯ ಫಿಲ್ಮುಗಳನ್ನು ಪೇರಿಸಿಟ್ಟ ದಾಸ್ತಾನು ಕೋಣೆಯಲ್ಲಿ ಇಬ್ಬರೂ ಡಬ್ಬಿ ಬಿಚ್ಚುತ್ತಾರೆ. ನರ್ಸುಗಳಿಗೆ ಅವರದೇ ಮೇಜು, ಗುಮಾಸ್ತರಿಗೆ ಅವರದೇ. ಎಕ್ಸರೇ ಕೋಣೆಯವರ ಹತ್ತಿರ ಕೂರಬಾರದು, ಮೈಯಿಂದ ಏನೋ ಹೊರಡುತ್ತದೆ ಎಂದು ಯಾರೋ ಯಾವ ಕಾಲದಲ್ಲೋ ಹೇಳಿದ್ದು ಇನ್ನೂ ಚಾಲ್ತಿಯಲ್ಲಿದೆ. 'ಹೊರಟ್ರೆ ಹೊರಡ್ಲಿ ಬಿಡಿ ಅಕ್ಕಾ, ನಂಗೆ ಸ್ವಲ್ಪ ಹೊಳಪು ಬರುತ್ತೆ' ಎಂದು ಆರು ವರ್ಷದ ಹಿಂದೆ ಕುರ್ಚಿ ಎಳೆದುಕೊಂಡು ಬಂದು ಕೂತವಳು, ಆಮೇಲೆ ಎದ್ದಿರಲಿಲ್ಲ. ಕಾರ್ಡಿನ ವಿಷಯ ಹೇಳಿದಾಗಲೂ ಬಿದ್ದು ಬಿದ್ದು ನಕ್ಕಳು. 'ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಹೋಗಿ ಕಲಗಚ್ಚಿನ ಬಾನಿಗೆ ಬಿತ್ತಂತೆ. ಹುಷಾರು.' ನಕ್ಕವಳೇ, ನಾಲ್ಕು ದಿನ ಬಿಟ್ಟು, ಡಬ್ಬಿಯ ಮುಚ್ಚಳವನ್ನು ತಿರುಗಿಸುತ್ತ, ತನಗೊಂದು ಸಲ ಹಾಕಿ ನೋಡಬೇಕು ಎಂದಳು. ಲಿಫ್ಟಿನವನು ಕೇಳಿದ್ದಾನಂತೆ. ತಿಂಗಳಿಗೆರಡು ಸಲ ಬಂದು ಆಸ್ಪತ್ರೆಯ ಲಿಫ್ಟು ರಿಪೇರಿ ಮಾಡಿಕೊಟ್ಟು ಹೋಗುವ, ಕೈಗೆ ಯಾವಾಗಲೂ ಗ್ರೀಸು ಮೆತ್ತಿಕೊಂಡಿರುವ, ನಾಲ್ಕು ಮಾತು ಕೇಳಿದರೆ ಒಂದು ಮಾತಾಡುವ ಆಸಾಮಿ. ಅವನಿಗೆ ದೂರದ ಬಂದರಿನ ಊರಿನಲ್ಲಿ ಕೆಲಸ ಸಿಕ್ಕಿದೆ. ಮದುವೆಯಾಗಿ ಜೊತೆಗೆ ಬರುತ್ತೀಯಾ ಎಂದಿದ್ದಾನೆ. ಶುಕ್ರವಾರ ಅವನ ಕೊನೆಯ ಸರ್ವೀಸು, ಅಷ್ಟರೊಳಗೆ ಹೇಳಬೇಕು.

ಭಾನುವಾರ ಮಧ್ಯಾಹ್ನ ಚೀಟಿಯವಳು ಅವಳ ಮನೆಗೆ ಬಂದಳು. ಆ ಮನೆಗೆ ಹಾಗೆ ಒಬ್ಬರು ಬಂದು ಕೂತು ಎಷ್ಟು ದಿನವಾಗಿತ್ತೆಂದರೆ, ಎರಡನೆಯ ಕುರ್ಚಿಯ ಮೇಲಿನ ಬಟ್ಟೆಗಳನ್ನು ಎಲ್ಲಿಡುವುದೆಂದು ತೋಚದೆ ಅವಳು ಹಾಸಿಗೆಯ ಮೇಲೆ ಸುರಿದಳು. ಮೇಜು ಒರೆಸಿ, ಕಟ್ಟು ಕಲಸಿ, ಕೈಪಿಡಿಯಲ್ಲಿ 'ಎರಡು ದಾರಿ' ಎಂದಿದ್ದ ಪುಟದಂತೆ ಹಾಕಿದಳು. ಓದುವವರ ಎಡಕ್ಕೆ ಮೂರು ಎಲೆ, ಇದ್ದಲ್ಲೇ ಇದ್ದರೆ ಏನಾಗುತ್ತದೆ. ಬಲಕ್ಕೆ ಮೂರು, ಹೊರಟರೆ ಏನಾಗುತ್ತದೆ. ಎಲೆಗಳನ್ನು ಒಂದೊಂದಾಗಿ ತಿರುಗಿಸಿದಳು. ಒಂದು ಕಡೆ ಲಾಟೀನಿನ ಮುದುಕ, ಚೆಲ್ಲಿದ ಬಟ್ಟಲುಗಳು, ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ನಿಂತ ಹೆಂಗಸು. ಇನ್ನೊಂದು ಕಡೆ ಬಟ್ಟಲು ಬದಲಾಯಿಸಿಕೊಳ್ಳುತ್ತಿರುವ ಇಬ್ಬರು, ದಡ ಸೇರುತ್ತಿರುವ ದೋಣಿ, ಸೂರ್ಯ. ಆಗ ಅವಳು ನಿಜವಾಗಿಯೂ ಚೆನ್ನಾಗಿ ಓದಿದಳು. ಪುಸ್ತಕ ಮುಟ್ಟಲಿಲ್ಲ. ಮಾತು ತಾನಾಗಿ ಬಂತು. ಹೋದರೆ ನೋಡು, ಈ ಮುದುಕನ ಹಾಗೆ ಒಂಟಿಯಾಗ್ತೀಯ, ಗುರುತು ಪರಿಚಯ ಇಲ್ಲದ ಊರು, ಕಣ್ಣು ಕಟ್ಟಿ ಬಿಟ್ಟ ಹಾಗೆ. ಇಲ್ಲೇ ಇದ್ದರೆ ಬೆಳಕು. ಈ ಇಬ್ಬರು ಅಂದರೆ ಸ್ನೇಹ. ಗಂಡ ಹೆಂಡಿರೇ ಆಗಬೇಕು ಅಂತೇನಿಲ್ಲ. ಹೀಗೆ ಹೇಳುವಾಗ ಆ ಇಬ್ಬರಲ್ಲಿ ಒಬ್ಬರಿಗೆ ತನ್ನ ಮುಖವನ್ನು ತಾನೇ ಅಂಟಿಸಿದ್ದು ಅವಳಿಗೆ ಗೊತ್ತಾಗಿತ್ತು, ನಾಚಿಕೆಯಾಗಿ ಬೇಗ ದೋಣಿಯ ಎಲೆಗೆ ಹೋದಳು. ಚೀಟಿಯವಳು ಆರೂ ಎಲೆಗಳನ್ನು ಒಮ್ಮೆ ಮುಟ್ಟಿ ನೋಡಿ ಎದ್ದಳು. 'ಎಷ್ಟು ಚೆನ್ನಾಗಿ ಹೇಳ್ತೀರಿ ಅಕ್ಕಾ' ಎಂದು ಹೋದಳು. ಅವಳು ಹೋದ ಮೇಲೆ ಇವಳು ನೋಟ್‌ಬುಕ್ಕಿನಲ್ಲಿ ಆರೂ ಎಲೆಗಳ ಹೆಸರನ್ನು ಎಡ ಬಲ ಎಂದು ಬರೆದಿಟ್ಟು, ಕೆಳಗೆ 'ಇವತ್ತು ಒಳಗಿನವರು ಮಾತಾಡಿದರು' ಎಂದು ಬರೆದಳು.

ಸೋಮವಾರ ಬೆಳಿಗ್ಗೆ ಮೊದಲು ಬಂದವನು ಒಬ್ಬ ಬಡಗಿ, ಎದೆನೋವು. ಅವನ ಚಿತ್ರ ಪರದೆಗೆ ಬಂತು, ಹೃದಯ ಎಲ್ಲರ ಹಾಗೆ ಪರದೆಯ ಬಲಗಡೆ. ಮನುಷ್ಯ ಎದುರಿಗೆ ನಿಂತಂತೆ ನೋಡುವುದು ಎಕ್ಸರೇಯ ಪದ್ಧತಿ. ಅವನ ಎಡ ನಮ್ಮ ಬಲ. ಅವಳು ಇದನ್ನು ಕಲಿತು ಇಪ್ಪತ್ತೆರಡು ವರ್ಷವಾಗಿತ್ತು, ಈಗ ಅದಕ್ಕೆ ಯೋಚನೆ ಬೇಡ, ಬೀದಿಯಲ್ಲಿ ಎದುರು ಬರುವವರ ಎಡಗೈಯನ್ನೂ ಅವಳು ಅವರ ಕಡೆಯಿಂದಲೇ ಎಣಿಸುತ್ತಾಳೆ. ಬಡಗಿಯ ಹೃದಯದ ಮೇಲೆ ಕಣ್ಣಿಟ್ಟವಳಿಗೆ ಭಾನುವಾರದ ಎಲೆಗಳು ನೆನಪಾದವು. ಓದುವವರ ಎಡಕ್ಕೆ, ಎಂದಿತ್ತು ಪುಸ್ತಕ. ಅವಳು ಹಾಕಿದ್ದು ತನ್ನ ಎಡಕ್ಕೆ; ಓದಿದ್ದು ಎದುರಿಗೆ ಕೂತವಳ ಎಡದಿಂದ. ಮುದುಕ, ಚೆಲ್ಲಿದ ಬಟ್ಟಲು, ಕಣ್ಣು ಕಟ್ಟಿದ ಹೆಂಗಸು, ಇವೆಲ್ಲ ಇಲ್ಲೇ ಇರುವ ದಾರಿಗೆ ಬಿದ್ದಿದ್ದವು. ಸೂರ್ಯನ ಎಲೆ ಬಿದ್ದದ್ದು ಹೊರಡುವ ದಾರಿಗೆ. 'ಏನಾದ್ರೂ ಇದೆಯಾ?' ಎಂದ ಬಡಗಿ. ಅವಳು ಅವನ ಕಡೆ ನೋಡದೆ, ಡಾಕ್ಟರ್ ಹೇಳ್ತಾರೆ ಎಂದಳು.

ಹೇಳಬೇಕಿತ್ತು. ಅವತ್ತೇ ಒಂದೂವರೆಗೆ ಹೇಳಬಹುದಿತ್ತು. ಅಯ್ಯೋ, ಎಡ ಬಲ ಅದಲು ಬದಲಾಯಿತು ಕಣೇ ಎಂದರೆ ನಕ್ಕುಬಿಡುತ್ತಿದ್ದಳು. ಆದರೆ ಸೋಮವಾರ ಚೀಟಿಯವಳು 'ಇರೋದೇ ಸರಿ ಅನ್ಸುತ್ತೆ' ಎಂದಾಗ ಅವಳೊಳಗೆ ಒಂದು ಬೆಚ್ಚಗಿನ ಸಮಾಧಾನ ಹರಡಿತು. ಆ ಸಮಾಧಾನವನ್ನು ಕಂಡು ಅವಳಿಗೆ ಭಯವಾಯಿತು. ಅಭ್ಯಾಸದಿಂದ ಕಣ್ಣು ತಪ್ಪಿದ್ದೋ, ಅಥವಾ ಕಣ್ಣಿಗೆ ಸರಿಯಾಗಿಯೇ ಕಂಡಿದ್ದನ್ನು ಮನಸ್ಸು ಅಭ್ಯಾಸದ ಹೆಸರಿನಲ್ಲಿ ತಿರುಗಿಸಿಕೊಂಡಿತೋ? ಒಳಗಿನವರು ಮಾತಾಡಿದರು ಎಂದು ಬರೆದದ್ದು ಸುಳ್ಳೇನಲ್ಲ. ಆ ಒಳಗಿನವರು ಯಾರು ಎಂಬುದು ಈಗ ಗೊತ್ತಾಗುತ್ತಿತ್ತು: ಒಬ್ಬಳೇ ಊಟ ಮಾಡಲು ಹೆದರುವ ನಲವತ್ತೇಳು ವರ್ಷದ ಹೆಂಗಸು. ಮಂಗಳವಾರ ಹೇಳಲಿಲ್ಲ. ಬುಧವಾರ ಇಷ್ಟು ತಡವಾಗಿ ಹೇಳಿದರೆ ಏನು ತಿಳಿದುಕೊಳ್ಳುತ್ತಾಳೋ ಎಂದು ಹೇಳಲಿಲ್ಲ. ಗುರುವಾರ ನರ್ಸೊಬ್ಬಳು ಬಾಗಿಲಲ್ಲಿ ಇಣುಕಿ, 'ಉಸಿರಕ್ಕ, ನಮಗೂ ಭವಿಷ್ಯ ಹೇಳ್ತೀರಂತೆ?' ಎಂದಾಗ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವರ ಹಾಗೆ ಅವಳು 'ನಾನೇನೂ ಹೇಳಿಲ್ಲ, ಅವಳೇ ಕೇಳಿದ್ದು' ಎಂದುಬಿಟ್ಟಳು. ನರ್ಸಿಗೆ ಏನೂ ಅರ್ಥವಾಗಲಿಲ್ಲ. ಇಷ್ಟಕ್ಕೂ ಎಪ್ಪತ್ತೆಂಟು ರಟ್ಟಿನ ಚೂರುಗಳು, ಅವನ್ನು ನಂಬಿ ಯಾರಾದರೂ ಬದುಕು ನಿರ್ಧರಿಸುತ್ತಾರೆಯೇ ಎಂದು ತನಗೆ ತಾನೇ ಹೇಳಿಕೊಂಡಳು. ನಿರ್ಧರಿಸುತ್ತಾರೆ. ಗುಂಡಿ ಹಾಕಿಕೊಳ್ಳುತ್ತ ಯಾರದೋ ಮುಖ ನೋಡಿ ಹೊಟ್ಟೆ ತುಂಬ ಉಣ್ಣುತ್ತಾರೆ.

ಇವತ್ತು, ಶುಕ್ರವಾರ, ಒಂದೂವರೆಗೆ ಚೀಟಿಯವಳು ಹೊಸದೊಂದು ಬಟ್ಟೆ ಹಾಕಿಕೊಂಡು ಬಂದಿದ್ದಳು. ಇಲ್ಲ ಎಂದು ಹೇಳಲು ಹೊಸ ಬಟ್ಟೆ ಯಾಕೆ, ಎಂದು ಅವಳಿಗೆ ಕೇಳಬೇಕೆನಿಸಿತು.

'ನಾಲ್ಕು ಗಂಟೆಗೆ ಬರ್ತಾರೆ' ಎಂದಳು ಚೀಟಿಯವಳು. 'ಮೇಲ್ಗಡೆ ಲಿಫ್ಟಿನ ಮಷೀನ್ ರೂಮಲ್ಲಿ ಕೆಲಸ ಮುಗಿಸಿ ಕೆಳಗೆ ಇಳಿದಾಗ ಹೇಳ್ಬಿಡ್ತೀನಿ. ಎರಡೇ ಮಾತು. ಆಗಲ್ಲ, ಚೆನ್ನಾಗಿರಿ.'

'ಹ್ಞೂಂ.'

'ನೀವು ಎಲೆ ನೋಡಿ ಹೇಳಿದ್ಮೇಲೆ ಮನಸ್ಸು ಹಗುರಾಯ್ತು ಅಕ್ಕಾ. ಇಲ್ದಿದ್ರೆ ಒದ್ದಾಡ್ತಾ ಇರ್ತಿದ್ದೆ.'

ಹಗುರಾದವಳು ನಾಲ್ಕು ತುತ್ತು ತಿಂದು ಡಬ್ಬಿ ಮುಚ್ಚಿದಳು. ಮತ್ತೆ ತೆಗೆದಳು, ನೋಡಿದಳು, ಮುಚ್ಚಿದಳು. ಎಲೆಯ ತಪ್ಪು ಹೇಳುವ ಬದಲು ಇವಳು, ಸ್ವಲ್ಪ ಉಪ್ಪು ಕಮ್ಮಿಯಾಗಿದೆ ಇವತ್ತು ಎಂದಳು. ಚೀಟಿಯವಳು ಹೌದಾ ಎಂದು ಎದ್ದು ಹೋದಳು, ಹತ್ತು ನಿಮಿಷ ಮೊದಲೇ.

ಮೂರು ಗಂಟೆಗೆ ಒಬ್ಬ ಹೆಂಗಸಿನ ಮೊಣಕೈ, ಮೂರೂ ಹತ್ತಕ್ಕೆ ಒಬ್ಬ ಡ್ರೈವರನ ಬೆನ್ನು. ಉಸಿರು ಹಿಡ್ಕೊಳ್ಳಿ ಎಂದವಳು ಬಿಡಿ ಎನ್ನಲು ಮರೆತಳು. ಡ್ರೈವರು ಕಣ್ಣು ಹೊರಬರುವವರೆಗೆ ಹಿಡಿದುಕೊಂಡಿದ್ದು, 'ಮೇಡಂ, ಸಾಯಿಸ್ತೀರಾ?' ಎಂದ. ಅವಳು ತಪ್ಪಾಯಿತು ಎಂದಳು. ಸೀಸದ ಏಪ್ರನ್ನು ಬಿಚ್ಚಿ ಮೊಳೆಗೆ ಹಾಕಿದಳು, ಬಾಗಿಲಿಗೆ 'ಐದು ನಿಮಿಷ' ಎಂಬ ಫಲಕ ತೂಗುಹಾಕಿ ಮೆಟ್ಟಿಲಿಳಿದಳು. ಲಿಫ್ಟಿನ ಮುಂದೆ ಆಗಲೇ ಹಗ್ಗ ಕಟ್ಟಿ ದುರಸ್ತಿ ಎಂದು ಬರೆದಿತ್ತು. ಲಿಫ್ಟಿನವನು ಹೊತ್ತಿಗೆ ಮೊದಲೇ ಬಂದಿದ್ದ.

ಚೀಟಿ ಕೌಂಟರಿನ ಮುಂದೆ ಹತ್ತು ಹನ್ನೆರಡು ಜನ. ಪಕ್ಕದಿಂದ ಹೋಗಿ ಗಾಜು ತಟ್ಟಲು ನೋಡಿದರೆ, 'ಸಾಲಲ್ಲಿ ಬನ್ನಿ, ನಾವೇನು ಇಲ್ಲಿ ಹೂವು ಕೀಳ್ತಾ ಇದೀವಾ?' ಎಂದು ಒಬ್ಬರು ರೇಗಿದರು. ಇಲ್ಲೇ ಕೆಲಸ ಮಾಡುವವಳು ಎನ್ನಬಹುದಿತ್ತು. ಅವಳು ಹಿಂದಕ್ಕೆ ಹೋಗಿ, ಕೋಲು ಹಿಡಿದ ಒಬ್ಬ ಮುದುಕರ ಹಿಂದೆ ನಿಂತಳು. ಅವಳ ಬೆನ್ನ ಹಿಂದೆಯೂ ಒಬ್ಬರು ಬಂದು ನಿಂತರು. ಪ್ರತಿಯೊಬ್ಬರೂ ಮುಂದೆ ಸರಿದಾಗ ಹೇಳಬೇಕಾದ ಮಾತು ಸಣ್ಣದಾಗುತ್ತ ಬಂತು. ಮುದುಕರಿಗೆ ಪರ್ಸಿನಲ್ಲಿ ಹಳೆಯ ಚೀಟಿ ಸಿಗಲಿಲ್ಲ, ಆಮೇಲೆ ಹುಡುಕಿಕೊಂಡು ಬರುತ್ತೇನೆಂದು ಪಕ್ಕಕ್ಕೆ ಸರಿದು ಜೇಬು ತಡಕತೊಡಗಿದರು.

'ಹೆಸರು, ವಯಸ್ಸು' ಎಂದಳು ಚೀಟಿಯವಳು ತಲೆಯೆತ್ತದೆ.

'ನಾನೇ ಕಣೇ.'

'ಅಕ್ಕಾ? ಇದೇನು ಸಾಲಲ್ಲಿ ನಿಂತಿದ್ದೀರಿ?'

ಗಾಜಿನಲ್ಲಿ ಮಾತಿಗೆಂದು ಒಂದು ದುಂಡನೆಯ ತೂತು. ಅದಕ್ಕೆ ಬಾಯಿ ತಾಗಿಸಿದಂತೆ ಬಗ್ಗಿ ಅವಳು ಹೇಳಿದಳು. 'ಭಾನುವಾರ ನಾನು ಎಲೆ ತಪ್ಪಾಗಿ ಓದಿದೆ. ಎಡದ್ದನ್ನ ಬಲ ಅಂತ ಓದ್ಬಿಟ್ಟೆ, ಎಕ್ಸರೇ ಥರ. ಸೂರ್ಯ ಬಂದಿದ್ದು ಹೋಗೋ ಕಡೆಗೆ.'

ಹಿಂದೆ ನಿಂತವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಚೀಟಿಯವಳು ಪೆನ್ನಿನ ಮುಚ್ಚಳ ಹಾಕಿದಳು.

'ಯಾವಾಗ ಗೊತ್ತಾಯ್ತು?'

'ಸೋಮವಾರ.'

'ಇವತ್ತು ಶುಕ್ರವಾರ.'

'ಹೌದು.'

'ನಾನು ನಿನ್ನೆನೇ ಫೋನ್ ಮಾಡಿ ಅವರಿಗೆ ಆಗಲ್ಲ ಅಂದಿದ್ರೆ?'

'ಅಂದಿದ್ರೆ ನಾನು ಸುಮ್ನಿರ್ತಿದ್ದೆ.'

'ಹಂಗಾದ್ರೆ ಬೇಕೂ ಅಂತ್ಲೇ ಮಾಡಿದ್ರಾ?'

'ಅದು ನಂಗೂ ಗೊತ್ತಿಲ್ಲ. ನೀನು ಹೋದ್ರೆ ನಾನೊಬ್ಬಳೇ ಕೂತು ಊಟ ಮಾಡ್ಬೇಕು. ಅದು ಮಾತ್ರ ಗೊತ್ತಿತ್ತು.'

'ಅಮ್ಮಾ, ಸ್ವಲ್ಪ ಬೇಗ. ಮೊಣಕಾಲು ನೋವು ಅಂತ ಬಂದಿರೋರು ನಾವು' ಎಂದರು ಹಿಂದಿನಿಂದ. ಅವಳು ತಿರುಗಲಿಲ್ಲ. ಕಿವಿ ಸುಡುತ್ತಿತ್ತು. ಚೀಟಿಯವಳು ಅವಳನ್ನೇ ನೋಡುತ್ತಿದ್ದಳು, ಹೊಸಬರನ್ನು ನೋಡುವ ಹಾಗೆ.

'ಇವಾಗ ಎಲೆ ಹೋಗು ಅನ್ನುತ್ತೆ ಅಂತೀರಿ. ನಾಳೆ ಬಂದು ಮತ್ತೆ ಕೈ ತಪ್ತು ಅಂದ್ರೆ?'

'ಎಲೆ ಬಿಡು' ಎಂದಳು. ಹಾಗೆನ್ನುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ. ಗಾಜಿನ ಆಚೆಯ ಮುಖದಲ್ಲಿ ಏನಿದೆಯೆಂದು ಅವಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು, ವಾರದಿಂದ ಕಾಣುತ್ತಿತ್ತು, ಪುಸ್ತಕದ ಅಗತ್ಯವೇ ಇರಲಿಲ್ಲ. 'ಮನಸ್ಸು ಹಗುರಾಯ್ತು ಅಂತೀಯ, ಐದು ದಿನದಿಂದ ಊಟ ಅರ್ಧಕ್ಕೇ ಬಿಡ್ತಿದ್ದೀಯ. ಆಗಲ್ಲ ಅನ್ನೋಕೆ ಯಾರಾದ್ರೂ ಹೊಸ ಬಟ್ಟೆ ಹಾಕ್ಕೊಂಡು ಬರ್ತಾರಾ? ಅವ್ರು ಬರೋ ದಿನ ನೀನು ಮೆಟ್ಲು ಹತ್ತಲ್ಲ, ಕೆಟ್ಟು ನಿಂತಿರೋ ಲಿಫ್ಟ್ ಮುಂದೆ ಹೋಗಿ ನಿಂತ್ಕೋತೀಯ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ನಿಂಗೆ ಹೋಗ್ಬೇಕು. ಹೋಗು.'

ಚೀಟಿಯವಳ ಕಣ್ಣು ತುಂಬಿತು. ಅದು ತನ್ನ ಮೇಲಿನ ಸಿಟ್ಟೋ ಬೇರೆಯದೋ ಎಂದು ತಿಳಿದುಕೊಳ್ಳಲು ಅವಳು ಪ್ರಯತ್ನಿಸಲಿಲ್ಲ.

'ನೀವು ಮಾಡಿದ್ದು ಸಣ್ಣ ಕೆಲ್ಸ ಅಲ್ಲ ಅಕ್ಕಾ.'

'ಗೊತ್ತು.'

'ಕ್ಷಮಿಸ್ತೀನೋ ಇಲ್ವೋ ಹೇಳಕ್ಕಾಗಲ್ಲ.'

'ಅದನ್ನ ಕೇಳಕ್ಕೆ ಬಂದಿಲ್ಲ.'

ಚೀಟಿಯವಳು ಎದ್ದಳು. ಕುರ್ಚಿಯ ಬೆನ್ನಿಗೆ ತೂಗುಹಾಕಿದ್ದ ಚೀಲವನ್ನು ಹೆಗಲಿಗೇರಿಸಿ, ಮೇಜಿನ ಮೇಲಿದ್ದ ತನ್ನ ನೀರಿನ ಬಾಟಲಿ, ಕನ್ನಡಕದ ಡಬ್ಬಿ, ಡ್ರಾಯರಿನಲ್ಲಿದ್ದ ಬಾಚಣಿಗೆ ಎಲ್ಲವನ್ನೂ ಅದರೊಳಗೆ ಹಾಕಿಕೊಂಡಳು. ಹಿಂಬಾಗಿಲಿನಿಂದ ಹೊರಗೆ ಬಂದು, ಸಾಲಿನ ಪಕ್ಕದಲ್ಲೇ ಹಾದು, ಅವಳ ಕಡೆ ತಿರುಗದೆ ಮೆಟ್ಟಿಲ ಹತ್ತಿರ ಹೋದಳು. ಐದು ಮಹಡಿಯ ಮೇಲೆ ಮಷೀನ್ ರೂಮು. ಚಪ್ಪಲಿಯ ಸದ್ದು ಮೊದಲ ತಿರುವಿನವರೆಗೆ ನಿಧಾನವಾಗಿತ್ತು, ಆಮೇಲೆ ಓಡಿತು.

ಜೇಬಿನಲ್ಲಿ ಹಳೆಯ ಚೀಟಿ ಸಿಕ್ಕಿದ ಮುದುಕರು ಗಾಜಿನ ಮುಂದೆ ಬಂದು ಖಾಲಿ ಕುರ್ಚಿ ನೋಡಿದರು, ಆಮೇಲೆ ಅವಳನ್ನು ನೋಡಿದರು. ಆ ಸಾಲಿನಲ್ಲಿ ಏನಾದರೂ ತಿಳಿದವಳ ಹಾಗೆ ಕಂಡದ್ದು ಅವಳೊಬ್ಬಳೇ ಇರಬೇಕು.

'ಆಯಮ್ಮ ಮತ್ತೆ ಬರ್ತಾರೇನಮ್ಮಾ? ಕಾಯೋದಾ?'

'ಇಲ್ಲ' ಎಂದಳು. 'ಬರಲ್ಲ. ನೀವು ಪಕ್ಕದ ಕಿಟಕಿಗೆ ಹೋಗಿ.'

ಮುದುಕರು ಅವಳ ಮುಖ ನೋಡಿ, ಮರುಮಾತಿಲ್ಲದೆ ನಂಬಿ, ಕೋಲೂರಿಕೊಂಡು ಹೊರಟರು. ಹಿಂದಿನವರೂ ಒಬ್ಬೊಬ್ಬರಾಗಿ ಅವರ ಹಿಂದೆ ಹೋದರು. ಅವಳು ಮಾತ್ರ ಸ್ವಲ್ಪ ಹೊತ್ತು ಆ ಗಾಜಿನ ಮುಂದೆ ಸಾಲಿನಲ್ಲಿ ನಿಂತೇ ಇದ್ದಳು.